ಕಾವಲಿಗೆ ನಿಂತ ಕೋಶಗಳೇ ಎಲುಬು ಕರಗಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕಾರ್ಕಳದ ಹತ್ತಿರ. ಅಮ್ಮನಿಗೆ 54 ವರ್ಷ. ನಾಲ್ಕು ವರ್ಷದಿಂದ ರುಮಟಾಯ್ಡ್ ಗಂಟುನೋವು. ಮೊದಲು ಬೀಡಿ ಕಟ್ಟುತ್ತಿದ್ದರು, ಈಗ ಬೆಳಗ್ಗೆ ಎದ್ದರೆ ಬೆರಳು ಮಡಚಲಿಕ್ಕೇ ಒಂದು ಗಂಟೆ ಬೇಕು. ಮಂಗಳೂರಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಬೆರಳಿನ ಬುಡದ ಎಲುಬಿನ ಅಂಚು ಅಲ್ಲಲ್ಲಿ ಸವೆದಿದೆ ಎಂದರು. "ನಿಮ್ಮ ಇಮ್ಯುನಿಟಿಯೇ ಎಲುಬು ತಿನ್ನಿಸುತ್ತಿದೆ" ಎಂದು ಡಾಕ್ಟರು ಹೇಳಿದ್ದು ನಮಗೆ ತಲೆಗೆ ಹೋಗಲಿಲ್ಲ. ಅಮ್ಮ ದಿನಾ ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಮ್ಯುನಿಟಿ ಹೆಚ್ಚಲಿ ಎಂದು ಅಮೃತಬಳ್ಳಿ ಕಷಾಯವನ್ನೂ ಕುಡಿಯುತ್ತಾರೆ. ಹಾಗಿದ್ದೂ ಎಲುಬು ಕರಗುವುದು ಯಾಕೆ? ಹಲ್ಲಿನ ಡಾಕ್ಟರು ವಸಡಿನ ಕೆಳಗಿನ ಎಲುಬೂ ಕರಗಿದೆ ಎಂದಿದ್ದಾರೆ. ಎರಡಕ್ಕೂ ಸಂಬಂಧ ಇದೆಯೇ? ಆರು ತಿಂಗಳಿಗೊಮ್ಮೆ ಹಾಕುವ ಎಲುಬಿನ ಇಂಜೆಕ್ಷನ್ ಒಂದಿದೆಯಂತೆ, ಅದು ಬೇಕೇ?

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಅಕ್ಷರಶಃ ನಿಜ. ಆ ಒಂದು ಮಾತು ಸರಿಯಾಗಿ ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳು ಮುಕ್ಕಾಲು ಪಾಲು ತಾವಾಗಿಯೇ ಬಗೆಹರಿಯುತ್ತವೆ. ಅಮೃತಬಳ್ಳಿಯ ವಿಷಯ ಮಾತ್ರ ಕಾಯುವಂಥದ್ದಲ್ಲ. ಈ ಉತ್ತರ ಪೂರ್ತಿ ಓದುವ ಮೊದಲೇ ಅದನ್ನು ನಿಲ್ಲಿಸಿ, ಕಾರಣ ಮುಂದೆ ಹೇಳುತ್ತೇನೆ.

ನಮ್ಮ ಎಲುಬು ಒಮ್ಮೆ ಬೆಳೆದು ಹಾಗೆಯೇ ಉಳಿದುಬಿಡುವ ವಸ್ತು ಅಲ್ಲ. ದೊಡ್ಡವರಲ್ಲೂ ಒಟ್ಟು ಎಲುಬಿನ ಸುಮಾರು ಶೇಕಡಾ 10ರಷ್ಟು ಪ್ರತಿವರ್ಷ ಹೊಸದಾಗುತ್ತದೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಇಳಿಸಿ, ಹಾಳಾದ ರೀಪು ಕಿತ್ತು, ಹೊಸತು ಹೊಡೆದು ಮತ್ತೆ ಹೊದೆಸುತ್ತೇವಲ್ಲ, ಎಲುಬಿನಲ್ಲೂ ಅದೇ ಕ್ರಮ: ಮೊದಲು ಕೀಳುವವರು, ಹಿಂದೆಯೇ ಕಟ್ಟುವವರು. ಕೀಳುವ ಕೋಶದ ಹೆಸರು ಆಸ್ಟಿಯೋಕ್ಲಾಸ್ಟ್, ಕಟ್ಟುವ ಕೋಶದ ಹೆಸರು ಆಸ್ಟಿಯೋಬ್ಲಾಸ್ಟ್. ಒಂದು ಜಾಗದಲ್ಲಿ ಕೀಳುವ ಕೆಲಸ ಎರಡು-ಮೂರು ವಾರದಲ್ಲಿ ಮುಗಿಯುತ್ತದೆ, ಅದೇ ಹೊಂಡ ತುಂಬಲು ತಿಂಗಳುಗಟ್ಟಲೆ ಬೇಕು. ಈ ವೇಗದ ವ್ಯತ್ಯಾಸವನ್ನು ನೆನಪಿಡಿ. ಕೀಳುವವರ ಸಂಖ್ಯೆ ಸ್ವಲ್ಪ ಹೆಚ್ಚಿದರೂ ಕಟ್ಟುವವರು ಸರಿಗಟ್ಟಲಾರರು.

ಆಸ್ಟಿಯೋಕ್ಲಾಸ್ಟ್ ವಿಚಿತ್ರವಾದ ಕೋಶ. ಸಾಮಾನ್ಯ ಕೋಶಕ್ಕೆ ಒಂದು ನ್ಯೂಕ್ಲಿಯಸ್ ಇದ್ದರೆ ಇದಕ್ಕೆ ಐದು, ಹತ್ತು, ಕೆಲವೊಮ್ಮೆ ಇಪ್ಪತ್ತು. ಹಲವು ಸಣ್ಣ ಕೋಶಗಳು ಒಂದರೊಳಗೊಂದು ಬೆರೆತು ಆದ ದೈತ್ಯ ಅದು. ಎಲುಬಿನ ಮೇಲೆ ಅಂಟಿಕೊಂಡು, ಸುತ್ತಲೂ ಅಂಚನ್ನು ಬಿಗಿಯಾಗಿ ಮುಚ್ಚಿ, ಆ ಮುಚ್ಚಿದ ಜಾಗಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯುತ್ತದೆ. ಅಲ್ಲಿಯ ಪಿಎಚ್ ಸುಮಾರು 4.5ಕ್ಕೆ ಇಳಿದು ಕ್ಯಾಲ್ಸಿಯಂ ಲವಣ ಕರಗುತ್ತದೆ. ಉಳಿದ ಕೊಲಾಜನ್ ನಾರನ್ನು ಕೆಥೆಪ್ಸಿನ್-ಕೆ ಎಂಬ ಕಿಣ್ವ ಕತ್ತರಿಸಿ ಹಾಕುತ್ತದೆ. ನಿಮ್ಮ ಅಮ್ಮನ ಎಕ್ಸ್‌ರೇಯಲ್ಲಿ ಕಂಡ ಆ ಸಣ್ಣ ಕಚ್ಚುಗಳು ಇದೇ ಕೋಶದ ಕೆಲಸ. ಬೇರೆ ಯಾವ ಕೋಶಕ್ಕೂ ಎಲುಬನ್ನು ಹೀಗೆ ಕರಗಿಸುವ ಸಾಮರ್ಥ್ಯ ಇಲ್ಲ ಎನ್ನಬಹುದು.

ಈ ಕೋಶ ಬರುವುದೆಲ್ಲಿಂದ ಎಂಬಲ್ಲಿ ಕಥೆಯ ತಿರುವು ಇದೆ. ಬಹಳ ವರ್ಷ ಅದು ಎಲುಬಿನದೇ ಸಂತಾನ ಎಂದು ನಂಬಿದ್ದರು. ಆಸ್ಟಿಯೋಪೆಟ್ರೋಸಿಸ್ ಎಂಬ ಅಪರೂಪದ ಹುಟ್ಟು ಕಾಯಿಲೆಯಲ್ಲಿ ಕೀಳುವ ಕೆಲಸ ನಡೆಯದೆ ಎಲುಬು ದಟ್ಟವಾಗುತ್ತಾ ಹೋಗುತ್ತದೆ, ದಟ್ಟವಾದರೂ ಸುಲಭವಾಗಿ ಮುರಿಯುತ್ತದೆ, ಒಳಗಿನ ಮಜ್ಜೆಗೆ ಜಾಗವೇ ಉಳಿಯುವುದಿಲ್ಲ. 1973ರಲ್ಲಿ ಇಂಥ ಕಾಯಿಲೆಯ ಇಲಿಯ ರಕ್ತಸಂಚಾರವನ್ನು ಆರೋಗ್ಯವಂತ ಇಲಿಯ ರಕ್ತಸಂಚಾರಕ್ಕೆ ಜೋಡಿಸಿದಾಗ ಕಾಯಿಲೆ ವಾಸಿಯಾಯಿತು. ಅಂದರೆ ಕೀಳುವ ಕೋಶದ ಮೂಲ ರಕ್ತದಲ್ಲೇ ಹರಿಯುತ್ತಿತ್ತು. 1980ರಲ್ಲಿ ಇದೇ ಕಾಯಿಲೆಯ ಹೆಣ್ಣುಮಗುವಿಗೆ ಅದರ ಅಣ್ಣನ ಮಜ್ಜೆ ಕಸಿ ಮಾಡಿದರು. ಆಮೇಲೆ ಪರೀಕ್ಷಿಸಿದರೆ ಆಕೆಯ ಎಲುಬಿನಲ್ಲಿದ್ದ ಆಸ್ಟಿಯೋಕ್ಲಾಸ್ಟ್‌ಗಳು ಗಂಡು ಕೋಶಗಳು, ಆಸ್ಟಿಯೋಬ್ಲಾಸ್ಟ್‌ಗಳು ಆಕೆಯವೇ. ಇಷ್ಟು ಸ್ಪಷ್ಟವಾದ ಸಾಕ್ಷಿ ವೈದ್ಯಕೀಯದಲ್ಲಿ ಸಿಗುವುದು ಅಪರೂಪ.

ಹಾಗಾಗಿ ಆಸ್ಟಿಯೋಕ್ಲಾಸ್ಟ್ ಬಿಳಿರಕ್ತಕಣಗಳ ಮನೆತನದ್ದು. ಮಾನೊಸೈಟ್ ಎಂಬ ಬಿಳಿರಕ್ತಕಣ ದೇಹದ ಯಾವುದೋ ಮೂಲೆಗೆ ಹೋಗಿ ಕೀಟಾಣು ನುಂಗುವ ಮ್ಯಾಕ್ರೊಫೇಜ್ ಆಗಬಹುದು, ಎಲುಬಿನ ಮೇಲೆ ಇಳಿದು ಆಸ್ಟಿಯೋಕ್ಲಾಸ್ಟ್ ಆಗಬಹುದು. ಯಾವುದಾಗಬೇಕು ಎಂಬುದನ್ನು ತೀರ್ಮಾನಿಸುವುದು ಸುತ್ತಲಿನ ಕೋಶಗಳಿಂದ ಬರುವ ಸಂಕೇತಗಳು. ರೋಗನಿರೋಧಕ ವ್ಯವಸ್ಥೆ ತನ್ನೊಳಗೆ ಮಾತಾಡಿಕೊಳ್ಳುವ ಈ ಸಂಕೇತ ಅಣುಗಳಿಗೆ ಸೈಟೊಕೈನ್ ಎನ್ನುತ್ತೇವೆ. ಒಂದೇ ಮನೆತನದ ಕೋಶವಾದ್ದರಿಂದ ಆಸ್ಟಿಯೋಕ್ಲಾಸ್ಟ್‌ಗೂ ಆ ಮಾತು ಕೇಳಿಸುತ್ತದೆ. ಕೀಲಿನಲ್ಲಿ ಉರಿಯೂತ ಶುರುವಾದರೆ ಪಕ್ಕದ ಎಲುಬಿಗೆ ಅದರ ಪರಿಣಾಮ ತಟ್ಟುವುದು ಆಕಸ್ಮಿಕವಲ್ಲ.

ಮಾನೊಸೈಟ್‌ನ ಹಾದಿ ಬದಲಾಗಲು ಮುಖ್ಯವಾಗಿ ಎರಡು ಸಂಕೇತ ಬೇಕು. ಒಂದು ಎಂ-ಸಿಎಸ್‌ಎಫ್. ಕೋಶ ಬದುಕಿ ಉಳಿದು ಸಂಖ್ಯೆಯಲ್ಲಿ ಹೆಚ್ಚಲಿಕ್ಕೆ ಅದು ಬೇಕು. ಇನ್ನೊಂದು, ಎಲ್ಲದಕ್ಕಿಂತ ದೊಡ್ಡದು, ರ‍್ಯಾಂಕ್‌ಎಲ್. ಮಾನೊಸೈಟ್‌ನ ಮೈಮೇಲಿರುವ ರ‍್ಯಾಂಕ್ ಎಂಬ ಗ್ರಾಹಕಕ್ಕೆ ರ‍್ಯಾಂಕ್‌ಎಲ್ ಬಂದು ಕೂತರೆ ಆ ಕೋಶದ ದಾರಿ ಆಸ್ಟಿಯೋಕ್ಲಾಸ್ಟ್ ಕಡೆಗೆ. ಇದನ್ನು ತಡೆಯಲಿಕ್ಕೆ ದೇಹವೇ ಆಸ್ಟಿಯೋಪ್ರೊಟೆಜೆರಿನ್, ಚಿಕ್ಕದಾಗಿ ಒಪಿಜಿ, ಎಂಬ ಪ್ರೋಟೀನು ಇಟ್ಟುಕೊಂಡಿದೆ. ಅದು ರ‍್ಯಾಂಕ್‌ಎಲ್ ಅನ್ನು ದಾರಿಯಲ್ಲೇ ಹಿಡಿದುಕೊಂಡು ಗ್ರಾಹಕ ಮುಟ್ಟದಂತೆ ಮಾಡುತ್ತದೆ. ಎಲುಬು ಸವೆಯುತ್ತದೋ ಉಳಿಯುತ್ತದೋ ಎಂಬುದು ಬಹುಮಟ್ಟಿಗೆ ಈ ಎರಡರ ಅನುಪಾತದ ಮೇಲೆ ನಿಂತಿದೆ.

ಒಪಿಜಿಯನ್ನು 1997ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಪತ್ತೆಹಚ್ಚಿದವು: ಅಮೆರಿಕದ ಆಮ್‌ಜೆನ್ ಎಂಬ ಔಷಧ ಕಂಪೆನಿ ಮತ್ತು ಜಪಾನಿನ ಸ್ನೋ ಬ್ರಾಂಡ್ ಎಂಬ ಹಾಲಿನ ಕಂಪೆನಿಯ ಸಂಶೋಧನಾಲಯ. (ಹಾಲು ಮಾರುವವರು ಎಲುಬಿನ ಮೂಲಕ್ಕೇ ಕೈ ಹಾಕಿದ್ದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ.) ಮರುವರ್ಷ ಅವೇ ತಂಡಗಳು ಒಪಿಜಿ ಹಿಡಿಯುತ್ತಿದ್ದ ಅಣುವನ್ನೂ ಹುಡುಕಿದವು. ನೋಡಿದರೆ ಅದು ಹೊಸದೇ ಅಲ್ಲ! ಟಿ ಕೋಶ ಎಂಬ ಬಗೆಯ ಬಿಳಿರಕ್ತಕಣಗಳ ಮೇಲೆ ಕೆಲಸ ಮಾಡುವ ರೋಗನಿರೋಧ ವಿಜ್ಞಾನಿಗಳು ಅದನ್ನು 1997ರಲ್ಲೇ ವರದಿ ಮಾಡಿಯಾಗಿತ್ತು. 1999ರಲ್ಲಿ ರ‍್ಯಾಂಕ್‌ಎಲ್ ಜೀನ್ ತೆಗೆದ ಇಲಿಗಳನ್ನು ಹುಟ್ಟಿಸಿದಾಗ ಅವುಗಳಿಗೆ ಒಂದೂ ಆಸ್ಟಿಯೋಕ್ಲಾಸ್ಟ್ ಇರಲಿಲ್ಲ, ಹಲ್ಲು ಮೂಡಲಿಲ್ಲ, ಜೊತೆಗೆ ರೋಗನಿರೋಧಕ ಕೋಶಗಳು ಸೇರುವ ದುಗ್ಧರಸ ಗ್ರಂಥಿಗಳೂ (ಲಿಂಫ್ ನೋಡ್) ಇರಲಿಲ್ಲ. ಎಲುಬು ಕೀಳುವುದಕ್ಕೂ ರೋಗನಿರೋಧಕ್ಕೂ ಒಂದೇ ಅಣು ಬೇಕು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಇನ್ನು ನಿಮ್ಮ ಅಮ್ಮನ ಬೆರಳಿನ ಕೀಲಿಗೆ ಬರೋಣ. ಕೀಲಿನ ಒಳಪದರವನ್ನು ಸೈನೋವಿಯಂ ಎನ್ನುತ್ತೇವೆ. ಸಹಜವಾಗಿ ಅದು ತೆಳ್ಳಗಿರಬೇಕು. ರುಮಟಾಯ್ಡ್‌ನಲ್ಲಿ ಅಲ್ಲಿಗೆ ಟಿ ಕೋಶ, ಬಿ ಕೋಶ, ಮ್ಯಾಕ್ರೊಫೇಜ್‌ಗಳು ನುಗ್ಗಿ ಪದರ ಊದಿಕೊಂಡು ಎಲುಬಿನ ಅಂಚಿನ ಮೇಲೆ ಹಬ್ಬುತ್ತದೆ. ಎಕ್ಸ್‌ರೇಯಲ್ಲಿ ಸವೆತ ಮೊದಲು ಕಾಣುವುದು ಅಲ್ಲೇ, ಮೃದ್ವಸ್ಥಿ ಹೊದಿಕೆ ಇಲ್ಲದ ಅಂಚಿನಲ್ಲಿ.

ಆ ಊದಿದ ಪದರದಲ್ಲಿ ಮ್ಯಾಕ್ರೊಫೇಜ್‌ಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ಗಳನ್ನು ಸುರಿಸುತ್ತವೆ. ಒಂದು ಬಗೆಯ ಟಿ ಕೋಶ ಇಂಟರ್‌ಲ್ಯೂಕಿನ್-17 ಸುರಿಸುತ್ತದೆ. ಈ ನಾಲ್ಕೂ ಸೇರಿ ಸೈನೋವಿಯಂನ ನಾರುಕೋಶಗಳನ್ನು, ಅಂದರೆ ಫೈಬ್ರೊಬ್ಲಾಸ್ಟ್‌ಗಳನ್ನು, ಕೆರಳಿಸಿ ಅವುಗಳಿಂದ ರ‍್ಯಾಂಕ್‌ಎಲ್ ಹೊರಡಿಸುತ್ತವೆ. ಮೊದಮೊದಲು ಟಿ ಕೋಶಗಳೇ ನೇರವಾಗಿ ರ‍್ಯಾಂಕ್‌ಎಲ್ ಒದಗಿಸುತ್ತವೆ ಎಂದು ಭಾವಿಸಿದ್ದೆವು, ಅವುಗಳ ಮೈಮೇಲೆ ಅದು ಇರುವುದೂ ಹೌದು. ಆದರೆ ಇಲಿಗಳಲ್ಲಿ ಒಂದೊಂದೇ ಬಗೆಯ ಕೋಶದಿಂದ ಆ ಜೀನ್ ತೆಗೆದು ನೋಡಿದಾಗ, ಕೀಲಿನ ಸವೆತಕ್ಕೆ ಮುಖ್ಯ ಪೂರೈಕೆ ನಾರುಕೋಶಗಳದ್ದೇ ಎಂದು ತಿಳಿಯಿತು. ಟಿ ಕೋಶದ ಪಾಲು ಬಹುಪಾಲು ಪ್ರಚೋದನೆಯದ್ದು.

ಟಿಎನ್‌ಎಫ್ ಇವುಗಳಲ್ಲಿ ಎಲ್ಲಕ್ಕಿಂತ ಉಪದ್ರವದ್ದು, ಯಾಕೆಂದರೆ ಅದು ಒಂದೇ ಕಡೆ ಕೆಲಸ ಮಾಡುವುದಿಲ್ಲ. ನಾರುಕೋಶದಿಂದ ರ‍್ಯಾಂಕ್‌ಎಲ್ ಹೊರಡಿಸುವುದಲ್ಲದೆ, ಮಜ್ಜೆಯಲ್ಲಿ ಆಸ್ಟಿಯೋಕ್ಲಾಸ್ಟ್ ಆಗಬಲ್ಲ ಮಾನೊಸೈಟ್‌ಗಳ ಸಂಖ್ಯೆಯನ್ನೂ ಹೆಚ್ಚಿಸುತ್ತದೆ. ಆ ಕೋಶಗಳ ಮೇಲೆ ನೇರವಾಗಿಯೂ ವರ್ತಿಸುತ್ತದೆ. 2000ದಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡದ್ದು ಇದು: ರ‍್ಯಾಂಕ್‌ಎಲ್ ತೀರಾ ಸ್ವಲ್ಪ, ತಾನಾಗಿ ಏನೂ ಮಾಡಲಾರದಷ್ಟು ಇದ್ದಾಗಲೂ, ಜೊತೆಗೆ ಟಿಎನ್‌ಎಫ್ ಸೇರಿದರೆ ಆಸ್ಟಿಯೋಕ್ಲಾಸ್ಟ್‌ಗಳು ದಂಡಿಯಾಗಿ ಹುಟ್ಟುತ್ತವೆ. ಇಂಟರ್‌ಲ್ಯೂಕಿನ್-1 ಹೊಸ ಆಸ್ಟಿಯೋಕ್ಲಾಸ್ಟ್ ಹುಟ್ಟಿಸುವುದರಲ್ಲಿ ಅಷ್ಟು ಸ್ವತಂತ್ರವಲ್ಲ. ಹುಟ್ಟಿದವು ಬೇಗ ಸಾಯದಂತೆ, ಹೆಚ್ಚು ಕರಗಿಸುವಂತೆ ಮಾಡುವುದು ಅದರ ಕೆಲಸ. ಇಂಟರ್‌ಲ್ಯೂಕಿನ್-6 ಮುಖ್ಯವಾಗಿ ಬಳಸುದಾರಿಯಲ್ಲಿ, ನಾರುಕೋಶ ಮತ್ತು ಆಸ್ಟಿಯೋಬ್ಲಾಸ್ಟ್‌ಗಳ ಮೂಲಕ, ರ‍್ಯಾಂಕ್‌ಎಲ್ ಏರಿಸುತ್ತದೆ.

ಇಂಟರ್‌ಲ್ಯೂಕಿನ್-17ರ ಬಗ್ಗೆ ಒಂದು ಎಚ್ಚರಿಕೆ. ಇಲಿಗಳಲ್ಲಿ ಅದರ ಪ್ರಭಾವ ಭಾರೀ, ಪಠ್ಯಪುಸ್ತಕದ ಚಿತ್ರಗಳಲ್ಲಿ ಅದಕ್ಕೆ ದೊಡ್ಡ ಬಾಣ. ಆದರೆ ಅದನ್ನು ತಡೆಯುವ ಔಷಧಗಳು ಸೋರಿಯಾಸಿಸ್‌ನ ಗಂಟುರೋಗ, ಬೆನ್ನೆಲುಬಿನ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ಗಳಲ್ಲಿ ಚೆನ್ನಾಗಿ ನಡೆದರೂ ರುಮಟಾಯ್ಡ್‌ನಲ್ಲಿ ನಿರೀಕ್ಷೆಯಷ್ಟು ನಡೆಯಲಿಲ್ಲ. ಇಲಿಯ ಕೀಲಿನಲ್ಲಿ ಕಂಡದ್ದೆಲ್ಲ ಮನುಷ್ಯನ ಬೆರಳಿಗೆ ಅನ್ವಯಿಸುವುದಿಲ್ಲ. ವಾಟ್ಸಾಪಿನಲ್ಲಿ "ಹೊಸ ಸಂಶೋಧನೆ" ಬಂದಾಗ ಇಷ್ಟು ನೆನಪಿರಲಿ.

ಇಷ್ಟು ಕೇಳಿದರೆ ಎಲ್ಲ ಸೈಟೊಕೈನೂ ಎಲುಬಿನ ಶತ್ರು ಎನಿಸಬಹುದು. ಹಾಗಲ್ಲ, ತಡೆಯುವ ಸಂಕೇತಗಳೂ ಸಾಕಷ್ಟಿವೆ. ಟಿ ಕೋಶಗಳೇ ಹೊರಡಿಸುವ ಇಂಟರ್‌ಫೆರಾನ್-ಗಾಮಾ ರ‍್ಯಾಂಕ್‌ನ ಸಂದೇಶ ಕೋಶದೊಳಗೆ ಹೋಗುವ ದಾರಿಯಲ್ಲಿರುವ ಟ್ರಾಫ್-6 ಎಂಬ ಪ್ರೋಟೀನನ್ನು ನಾಶಮಾಡಿ ಆಸ್ಟಿಯೋಕ್ಲಾಸ್ಟ್ ಹುಟ್ಟುವುದನ್ನು ನಿಲ್ಲಿಸುತ್ತದೆ ಎಂದು ಜಪಾನಿನ ಹಿರೋಶಿ ತಕಯನಗಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಎಲುಬು ಮತ್ತು ರೋಗನಿರೋಧವನ್ನು ಒಟ್ಟಿಗೆ ನೋಡುವ ಆಸ್ಟಿಯೋಇಮ್ಯುನಾಲಜಿ ಎಂಬ ಶಾಖೆಗೆ ಹೆಸರು ಬಿದ್ದದ್ದೂ ಅದೇ ವರ್ಷ. ಇಂಟರ್‌ಲ್ಯೂಕಿನ್-4, 10, 13 ಕೂಡ ತಡೆಯುವ ಗುಂಪಿನವು. ನಿಯಂತ್ರಕ ಟಿ ಕೋಶಗಳು ತಮ್ಮ ಮೈಮೇಲಿನ ಸಿಟಿಎಲ್‌ಎ-4 ಎಂಬ ಅಣುವಿನಿಂದ ಮಾನೊಸೈಟ್ ಅನ್ನು ಮುಟ್ಟಿದರೆ ಸಾಕು, ಅದು ಆಸ್ಟಿಯೋಕ್ಲಾಸ್ಟ್ ಆಗುವುದು ಕಡಿಮೆಯಾಗುತ್ತದೆ. ಅಬಾಟಾಸೆಪ್ಟ್ ಎಂಬ ರುಮಟಾಯ್ಡ್ ಔಷಧ ಇದೇ ಅಣುವಿನ ತಯಾರಿಸಿದ ರೂಪ. ಇನ್ನೊಂದು ಸೋಜಿಗ: ಪ್ರಯೋಗಾಲಯದಲ್ಲಿ ಆಸ್ಟಿಯೋಕ್ಲಾಸ್ಟ್ ಹುಟ್ಟುವುದನ್ನು ತಡೆಯುವ ಇಂಟರ್‌ಫೆರಾನ್-ಗಾಮಾವನ್ನೇ, ಆಸ್ಟಿಯೋಕ್ಲಾಸ್ಟ್ ಕೆಲಸ ಮಾಡದ ಆ ಆಸ್ಟಿಯೋಪೆಟ್ರೋಸಿಸ್ ಮಕ್ಕಳಿಗೆ ಔಷಧವಾಗಿ ಕೊಡುತ್ತಾರೆ! ಹುಟ್ಟುವ ಹಂತದಲ್ಲಿ ಒಂದು ಪರಿಣಾಮ, ಹುಟ್ಟಿದ ಕೋಶದ ಕೆಲಸದ ಮೇಲೆ ಇನ್ನೊಂದು. "ಈ ಅಣು ಒಳ್ಳೆಯದು, ಆ ಅಣು ಕೆಟ್ಟದು" ಎಂದು ಬರೆದು ಮುಗಿಸುವ ಲೇಖನಗಳನ್ನು ನಾನು ನಂಬದಿರುವುದು ಇದಕ್ಕೇ.

ಕೋಶದೊಳಗೆ ಏನಾಗುತ್ತದೆ ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲೂ ಕ್ಯಾಲ್ಸಿಯಂ ಬರುತ್ತದೆ. ರ‍್ಯಾಂಕ್‌ನಿಂದ ಬಂದ ಸಂದೇಶ, ಜೊತೆಗೆ ಇನ್ನೊಂದು ಸಹಾಯಕ ಸಂದೇಶ, ಎರಡೂ ಸೇರಿ ಕೋಶದೊಳಗಿನ ಕ್ಯಾಲ್ಸಿಯಂ ಮಟ್ಟವನ್ನು ಏರಿಳಿಸುತ್ತವೆ. ಅದರಿಂದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚೆತ್ತು ಎನ್‌ಎಫ್‌ಎಟಿಸಿ-1 ಎಂಬ ಪ್ರೋಟೀನನ್ನು ನ್ಯೂಕ್ಲಿಯಸ್ ಒಳಗೆ ಕಳಿಸುತ್ತದೆ. ಆಸ್ಟಿಯೋಕ್ಲಾಸ್ಟ್‌ಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುವ ಯಜಮಾನ ಅದು. ಟಿ ಕೋಶ ಕೆರಳುವಾಗಲೂ ಇದೇ ದಾರಿ, ಇದೇ ಕ್ಯಾಲ್ಸಿನ್ಯೂರಿನ್. ಈ ಕ್ಯಾಲ್ಸಿಯಂ ಕೋಶದ ಒಳಗಿನ ಉಗ್ರಾಣದ್ದು, ರಾಗಿ ಅಂಬಲಿಯಲ್ಲಿ ಬಂದದ್ದು ಹೆಚ್ಚು-ಕಡಿಮೆಯಾದರೆ ಅದು ಬದಲಾಗುವುದಿಲ್ಲ. ಹಾಗಾಗಿ ಕ್ಯಾಲ್ಸಿಯಂ ತಿಂದರೆ ಆಸ್ಟಿಯೋಕ್ಲಾಸ್ಟ್ ಹೆಚ್ಚುತ್ತದೋ ಎಂಬ ಭಯವೂ ಬೇಡ.

ಉರಿಯೂತ ಬೇರೆ, ಸವೆತ ಬೇರೆ ಎಂಬುದನ್ನು 2001ರ ಒಂದು ಪ್ರಯೋಗ ಚೆನ್ನಾಗಿ ತೋರಿಸಿತು. ರ‍್ಯಾಂಕ್‌ಎಲ್ ಇಲ್ಲದ ಇಲಿಗಳಲ್ಲಿ ಗಂಟು ಉರಿಯೂತ ಬರಿಸಿದರು. ಕೀಲು ಊದಿತು, ಆದರೆ ಎಲುಬು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಆಸ್ಟಿಯೋಕ್ಲಾಸ್ಟ್ ಇಲ್ಲದಿದ್ದರೆ ಎಷ್ಟು ಉರಿದರೂ ಎಲುಬು ಸವೆಯದು. ಮನುಷ್ಯರಲ್ಲಿ ಇದರ ಇನ್ನೊಂದು ಮುಖ ಕಂಡಿದೆ. ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅನ್ನು ರುಮಟಾಯ್ಡ್‌ಗೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮದ್ದಿನ ಜೊತೆ ಕೊಟ್ಟಾಗ, ನೋವು-ಬಾವು ಅಷ್ಟೇನೂ ಇಳಿಯದ ರೋಗಿಗಳಲ್ಲೂ ಎಕ್ಸ್‌ರೇ ಸವೆತ ಬಹಳ ನಿಧಾನವಾಯಿತು.

ಇದರ ವಿರುದ್ಧ ದಿಕ್ಕಿನದ್ದೂ ನಡೆಯುತ್ತದೆ, ನಿಮ್ಮಂಥವರಿಗೆ ನಾನು ಒತ್ತಿ ಹೇಳಬೇಕಾದ್ದು ಅದು. ನೋವು ಕಡಿಮೆಯಾಯಿತು ಎಂದು ಮದ್ದು ಬಿಟ್ಟವರ ಕೀಲಿನಲ್ಲಿ ಸಣ್ಣ ಮಟ್ಟದ ಉರಿಯೂತ ಉಳಿದು ಸವೆತ ಮುಂದುವರಿಯಬಹುದು. ಕರಾವಳಿಯಲ್ಲಿ ಇದು ತೀರಾ ಸಾಮಾನ್ಯ: ಬೇಸಿಗೆಯಲ್ಲಿ ಹಗುರ ಎನಿಸಿತು ಎಂದು ಮಾತ್ರೆ ನಿಲ್ಲಿಸುತ್ತಾರೆ, ಆಷಾಢದ ಮಳೆಗೆ ಗಂಟು ಬಿಗಿದಾಗ ಓಡಿ ಬರುತ್ತಾರೆ. ಸವೆತ ಹೆಚ್ಚಿನವರಲ್ಲಿ ಕಾಯಿಲೆಯ ಮೊದಲ ಎರಡು ವರ್ಷದಲ್ಲೇ ಶುರುವಾಗುತ್ತದೆ. ರಕ್ತದಲ್ಲಿ ಆಂಟಿ-ಸಿಸಿಪಿ ಎಂಬ ಪ್ರತಿಕಾಯ ಇರುವವರಲ್ಲಿ ಹೆಚ್ಚು ಜೋರು. ಅಮ್ಮನ ಹಳೆಯ ರಿಪೋರ್ಟಿನಲ್ಲಿ ಆ ಪರೀಕ್ಷೆ ಇದೆಯೋ ನೋಡಿ. ಸವೆದ ಹೊಂಡ ತಾನಾಗಿ ಯಾಕೆ ತುಂಬಿಕೊಳ್ಳುವುದಿಲ್ಲ ಎಂದರೆ, ಟಿಎನ್‌ಎಫ್ ಡಿಕೆಕೆ-1 ಎಂಬ ಇನ್ನೊಂದು ಅಣುವನ್ನು ಹೆಚ್ಚಿಸಿ ಆಸ್ಟಿಯೋಬ್ಲಾಸ್ಟ್‌ಗಳ ಕೈಯನ್ನೂ ಕಟ್ಟಿಹಾಕುತ್ತದೆ. ಇದು 2007ರಲ್ಲಿ ತಿಳಿಯಿತು. ಕೀಳುವವರು ಹೆಚ್ಚು, ಕಟ್ಟುವವರು ಇಲ್ಲ. ಉರಿಯೂತ ಪೂರ್ತಿ ಹತೋಟಿಗೆ ಬಂದರೆ ಕೆಲವರಲ್ಲಿ ಸಣ್ಣ ಹೊಂಡಗಳು ಸ್ವಲ್ಪ ಮಟ್ಟಿಗೆ ಮುಚ್ಚಿಕೊಳ್ಳುವುದುಂಟು, ಆದರೆ ಅದನ್ನು ನಂಬಿ ಕೂರುವಂತಿಲ್ಲ.

(2008ರ ಸುಮಾರಿಗೆ ದಕ್ಷಿಣ ಕನ್ನಡದಲ್ಲಿ ಚಿಕೂನ್‌ಗುನ್ಯ ಹಬ್ಬಿದ್ದಾಗ ಗಂಟು ಹಿಡಿದವರು ಇದನ್ನು ಓದಿ ಗಾಬರಿಯಾಗುವುದು ಬೇಡ. ಆ ವೈರಸ್ ಕೂಡ ಇಂಟರ್‌ಲ್ಯೂಕಿನ್-6 ಮತ್ತು ರ‍್ಯಾಂಕ್‌ಎಲ್ ಏರಿಸುತ್ತದೆ, ಆದರೂ ಬಹುತೇಕರಲ್ಲಿ ರುಮಟಾಯ್ಡ್‌ನಂತೆ ಎಲುಬು ಸವೆಯುವುದಿಲ್ಲ.)

ಹಾಲು, ರಾಗಿ, ಮಾತ್ರೆಯ ವಿಷಯ. ಅವನ್ನು ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೂತಾಯಿಯನ್ನು ಮುಳ್ಳು ಸಹಿತ ಮೆದುವಾಗಿ ಬೇಯಿಸಿ ತಿನ್ನುವವರಿಗೆ ಇನ್ನೂ ಲಾಭ. ಆದರೆ ಇದೆಲ್ಲ ಕಟ್ಟುವ ಸಾಮಗ್ರಿ. ಅಮ್ಮನ ಬೆರಳಿನಲ್ಲಿ ಸಾಮಗ್ರಿಯ ಕೊರತೆ ಇಲ್ಲ, ಕೀಳುವ ಸಂಕೇತ ನಿಲ್ಲುತ್ತಿಲ್ಲ. ಕ್ಯಾಲ್ಸಿಯಂ ಮಾತ್ರೆಗೆ ಟಿಎನ್‌ಎಫ್ ನಿಲ್ಲಿಸುವ ಶಕ್ತಿ ಇಲ್ಲ. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ, ಇಷ್ಟು ಬಿಸಿಲಿನ ಊರಿನಲ್ಲೂ ಮನೆಯೊಳಗೇ ಕೂತು ಕೆಲಸ ಮಾಡುವ ಹೆಂಗಸರಲ್ಲಿ ಅದು ಕಡಿಮೆ ಇರುವುದು ಸಾಮಾನ್ಯ.

ಅಮ್ಮನಿಗೆ ಬೆರಳಿನ ಸವೆತದ ಜೊತೆ ಇಡೀ ಮೈಯ ಎಲುಬು ತೆಳುವಾಗುವ ಅಪಾಯವೂ ಇದೆ, ಅದು ಬೇರೆ ಲೆಕ್ಕ. 54 ಎಂದರೆ ಮುಟ್ಟು ನಿಂತಿರಬಹುದು. ಈಸ್ಟ್ರೊಜೆನ್ ಒಪಿಜಿಯನ್ನು ಹೆಚ್ಚಿಸಿ, ಟಿಎನ್‌ಎಫ್ ಹೊರಡಿಸುವ ಟಿ ಕೋಶಗಳಿಗೆ ಕಡಿವಾಣ ಹಾಕುತ್ತಿತ್ತು, ಈಗ ಅದಿಲ್ಲ. ಮೇಲಿಂದ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಇನ್ನಷ್ಟು. ಸ್ಟೀರಾಯ್ಡ್ ಉರಿಯೂತ ಇಳಿಸುತ್ತದೆ ನಿಜ, ಅದೇ ಹೊತ್ತಿಗೆ ರ‍್ಯಾಂಕ್‌ಎಲ್ ಏರಿಸಿ ಒಪಿಜಿ ಇಳಿಸುತ್ತದೆ, ಆಸ್ಟಿಯೋಬ್ಲಾಸ್ಟ್‌ಗಳನ್ನು ಸಾಯಿಸುತ್ತದೆ. ಮೊದಲ ಮೂರರಿಂದ ಆರು ತಿಂಗಳಲ್ಲೇ ಎಲುಬು ಮುರಿಯುವ ಅಪಾಯ ಹೆಚ್ಚುತ್ತದೆ. ಹಾಗೆಂದು ಒಮ್ಮೆಗೇ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಎಷ್ಟು ಕಡಿಮೆ ಮಾಡಬಹುದು ಎಂದು ಡಾಕ್ಟರನ್ನು ಕೇಳಿ, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಗಂಟುನೋವಿಗೆ ಎಂದು ಹೆಸರಿಲ್ಲದ ಪುಡಿ, ಪೊಟ್ಟಣ ಕೊಡುವವರ ಮದ್ದು ಎರಡೇ ದಿನದಲ್ಲಿ ಪವಾಡದಂತೆ ಕೆಲಸ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಶಯ ಮೊದಲು ಬರಬೇಕು.

ಈಗ ಅಮೃತಬಳ್ಳಿ. ಕೋವಿಡ್ ಬಂದ ಮೇಲೆ "ಇಮ್ಯುನಿಟಿ ಹೆಚ್ಚಿಸುವುದು" ಎಂಬುದು ಎಲ್ಲರಿಗೂ ಒಳ್ಳೆಯದೆಂದು ತೀರ್ಮಾನವಾಗಿಬಿಟ್ಟಿದೆ. ನಿಮ್ಮ ಅಮ್ಮನ ಕಾಯಿಲೆಯೇ ರೋಗನಿರೋಧಕ ವ್ಯವಸ್ಥೆ ಅತಿಯಾಗಿ, ತಪ್ಪು ಜಾಗದಲ್ಲಿ ಎಚ್ಚೆತ್ತಿರುವುದು. ಅದನ್ನು ಇನ್ನಷ್ಟು ಎಬ್ಬಿಸಬೇಕೆಂದು ಬಯಸುವುದು ಸರಿಯಲ್ಲ. ಅದಕ್ಕಿಂತ ಗಟ್ಟಿ ಕಾರಣವೂ ಇದೆ. ಅಮೃತಬಳ್ಳಿ ಸೇವಿಸಿದ ಹಲವರಿಗೆ ಲಿವರ್ ಹಾನಿಯಾದದ್ದನ್ನು 2021-22ರಲ್ಲಿ ಭಾರತದ ಲಿವರ್ ತಜ್ಞರು ವರದಿ ಮಾಡಿದರು. ಅವರಲ್ಲಿ ಅನೇಕರಿಗೆ ಬಂದದ್ದು, ದೇಹದ ರೋಗನಿರೋಧವೇ ಲಿವರ್ ಮೇಲೆ ಬೀಳುವ ಬಗೆಯ ಹೆಪಟೈಟಿಸ್. ಆಯುಷ್ ಸಚಿವಾಲಯ ಈ ತೀರ್ಮಾನವನ್ನು ಒಪ್ಪಲಿಲ್ಲ, ಗಿಡ ಗುರುತಿಸುವುದರಲ್ಲೇ ಸಂದೇಹ ಇದೆ ಎಂದಿತು. ಆ ವಾದ ಏನೇ ಇರಲಿ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಲಿವರ್ ಮೇಲೆ ಮೊದಲೇ ಕಣ್ಣಿಟ್ಟಿರಬೇಕು, ಅದರ ಮೇಲೆ ಇದು ಬೇಡ. ಮೆಥೊಟ್ರೆಕ್ಸೇಟ್ ಎಂದಾಗ ಹೇಳಲೇಬೇಕಾದ್ದು: ಅದು ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡು ಜೀವಕ್ಕೇ ಅಪಾಯವಾದ ಪ್ರಸಂಗಗಳಿವೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಡಿ.

ವಸಡಿಗೂ ಬೆರಳಿಗೂ ಸಂಬಂಧ ಇದೆಯೇ ಎಂದು ಕೇಳಿದ್ದೀರಿ. ಈ ಇಡೀ ವಿಷಯ ಶುರುವಾದದ್ದೇ ಹಲ್ಲಿನಿಂದ. 1972ರಲ್ಲಿ ಅಮೆರಿಕದ ದಂತ ಸಂಶೋಧಕರು ಮನುಷ್ಯರ ಬಿಳಿರಕ್ತಕಣಗಳನ್ನು ಹಲ್ಲಿನ ಕೊಳೆಯ ಅಂಶದ ಜೊತೆ ಬೆಳೆಸಿ, ಮೇಲಿನ ದ್ರವವನ್ನು ಮಾತ್ರ ಎಲುಬಿನ ಚೂರಿಗೆ ಹಾಕಿದರು. ಎಲುಬು ಕರಗಿತು. ಅಂದರೆ ಬಿಳಿರಕ್ತಕಣಗಳು ಏನನ್ನೋ ಹೊರಸೂಸುತ್ತಿದ್ದವು. ಅದರಲ್ಲಿದ್ದ ಮುಖ್ಯ ಅಣು ಇಂಟರ್‌ಲ್ಯೂಕಿನ್-1 ಎಂದು ಗೊತ್ತಾಗುವಾಗ 1985 ಬಂತು. ವಸಡಿನ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ನೇರವಾಗಿ ಎಲುಬು ಕರಗಿಸುವುದಕ್ಕಿಂತ, ಅದರ ಮೇಲೆ ಸಿಟ್ಟಾದ ಟಿ ಮತ್ತು ಬಿ ಕೋಶಗಳು ರ‍್ಯಾಂಕ್‌ಎಲ್ ಹೊರಡಿಸಿ ಕರಗಿಸುವುದೇ ಹೆಚ್ಚು. ಅದಲ್ಲದೆ ವಸಡಿನ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಒಂದು ವಿಶೇಷ ಕಿಣ್ವ ಇದೆ. ಆಂಟಿ-ಸಿಸಿಪಿ ಪ್ರತಿಕಾಯ ಗುರಿಯಿಡುವ ರೀತಿಯ ಪ್ರೋಟೀನುಗಳನ್ನು ಅದು ತಯಾರಿಸಬಲ್ಲದು. ರುಮಟಾಯ್ಡ್ ಶುರುವಾಗಲು ಇದೇ ಕಾರಣ ಎಂದು ಹೇಳುವಷ್ಟು ನಾನು ಮುಂದೆ ಹೋಗುವುದಿಲ್ಲ. ಆದರೆ ವಸಡು ಶುಚಿ ಮಾಡಿಸಿದರೆ ಗಂಟಿನ ಉರಿಯೂತವೂ ಸ್ವಲ್ಪ ಇಳಿಯುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಖರ್ಚು ಕಡಿಮೆ, ಹಾನಿ ಇಲ್ಲ, ಮಾಡಿಸಿ.

ಕೊನೆಯದು ಆ ಇಂಜೆಕ್ಷನ್. ಅದು ಡೆನೊಸುಮ್ಯಾಬ್ ಇರಬೇಕು: ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ, ಚರ್ಮದಡಿಗೆ. ದೇಹದ ಒಪಿಜಿ ಮಾಡುವ ಕೆಲಸವನ್ನೇ ಇದು ಮಾಡುತ್ತದೆ, ರ‍್ಯಾಂಕ್‌ಎಲ್ ಅನ್ನು ಹಿಡಿದುಬಿಡುತ್ತದೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ರುಮಟಾಯ್ಡ್ ರೋಗಿಗಳಲ್ಲಿ ಇದು ಎಲುಬಿನ ಸವೆತ ಕಡಿಮೆ ಮಾಡಿತು, ಆದರೆ ಕೀಲಿನ ನೋವು-ಬಾವಿನ ಮೇಲೆ ಏನೂ ಪರಿಣಾಮ ಇರಲಿಲ್ಲ. ಜಪಾನಿನಲ್ಲಿ 2017ರಿಂದ ರುಮಟಾಯ್ಡ್ ಸವೆತಕ್ಕೆಂದೇ ಅನುಮತಿ ಇದೆ, ಬೇರೆ ಕಡೆ ಮುಖ್ಯವಾಗಿ ಇಡೀ ಮೈಯ ಎಲುಬು ತೆಳುವಾಗುವ ಆಸ್ಟಿಯೋಪೊರೋಸಿಸ್‌ಗೆ ಬಳಸುತ್ತಾರೆ. ಹಾಗಾಗಿ ನನ್ನ ಅಭಿಪ್ರಾಯ ಇದು: ಬೆರಳಿನ ಸವೆತ ಒಂದನ್ನೇ ನೋಡಿ ಇದಕ್ಕೆ ಹೋಗಬೇಡಿ. ಮೊದಲು ಉರಿಯೂತದ ಮದ್ದು ಸಾಕಷ್ಟಿದೆಯೇ ನೋಡಬೇಕು. ಬೆಳಗ್ಗೆ ಒಂದು ಗಂಟೆ ಬೆರಳು ಮಡಚಲಾಗುವುದಿಲ್ಲ ಎಂದರೆ ಇಲ್ಲ ಎಂದೇ ಅರ್ಥ. ಮೆಥೊಟ್ರೆಕ್ಸೇಟ್ ಪ್ರಮಾಣ ಏರಿಸುವುದೋ, ಇನ್ನೊಂದು ಮದ್ದು ಸೇರಿಸುವುದೋ, ಟಿಎನ್‌ಎಫ್ ಅಥವಾ ಇಂಟರ್‌ಲ್ಯೂಕಿನ್-6 ತಡೆಯುವ ಔಷಧಕ್ಕೆ ಹೋಗುವುದೋ, ಅದು ಡಾಕ್ಟರ ಜೊತೆ ಕೂತು ಮಾತಾಡಬೇಕಾದ್ದು. ಟಿಎನ್‌ಎಫ್ ತಡೆಯುವ ಔಷಧಕ್ಕೆ ಮುಂಚೆ ಕ್ಷಯದ ಪರೀಕ್ಷೆ ಕಡ್ಡಾಯ, ಯಾಕೆಂದರೆ ಅಡಗಿ ಕೂತ ಕ್ಷಯವನ್ನು ಕಟ್ಟಿಹಾಕಿರುವುದೂ ಅದೇ ಟಿಎನ್‌ಎಫ್. ಡೆಕ್ಸಾದಲ್ಲಿ ಬೆನ್ನು, ತೊಡೆಯ ಎಲುಬು ತೆಳುವಾಗಿರುವುದು ಕಂಡರೆ ಆಗ ಡೆನೊಸುಮ್ಯಾಬ್ ಯೋಚಿಸಬಹುದು, ಎಲುಬು ಸವೆಯುವುದನ್ನು ತಡೆಯುವ, ಇನ್ನೂ ಅಗ್ಗದ ಬಿಸ್‌ಫಾಸ್ಫೊನೇಟ್ ಮಾತ್ರೆಗಳೂ ಇವೆ.

ಡೆನೊಸುಮ್ಯಾಬ್ ಶುರುಮಾಡಿದರೆ ಒಂದು ಷರತ್ತು ಇದೆ: ಮಧ್ಯದಲ್ಲಿ ಬಿಡುವಂತಿಲ್ಲ. ಬಿಟ್ಟರೆ ತಡೆದಿಟ್ಟ ಸವೆತ ಒಮ್ಮೆಲೇ ಏರಿ ಕೆಲವರಿಗೆ ಬೆನ್ನೆಲುಬಿನಲ್ಲಿ ಒಂದರ ಹಿಂದೆ ಒಂದು ಬಿರುಕು ಬಿದ್ದಿದೆ. ಇದಕ್ಕೆ ಒಂದು ಕಾರಣ 2021ರಲ್ಲಿ ಸಿಡ್ನಿಯ ಗಾರ್ವನ್ ಸಂಸ್ಥೆಯ ಸಂಶೋಧನೆಯಿಂದ ಹೊಳೆಯಿತು. ಆಸ್ಟಿಯೋಕ್ಲಾಸ್ಟ್ ಕೆಲಸ ಮುಗಿದ ಮೇಲೆ ಸಾಯುತ್ತದೆ ಎಂದಷ್ಟೇ ತಿಳಿದಿದ್ದೆವು. ಇಲಿಯ ಎಲುಬನ್ನು ಜೀವಂತವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಸಣ್ಣ ಕೋಶಗಳಾಗಿ ಒಡೆದು ಕಾದು ಕೂರುವುದು, ಮತ್ತೆ ಕೂಡಿಕೊಂಡು ಆಸ್ಟಿಯೋಕ್ಲಾಸ್ಟ್ ಆಗುವುದು ಕಂಡಿತು. ರ‍್ಯಾಂಕ್‌ಎಲ್ ತಡೆದಾಗ ಇಂಥ ಸಣ್ಣ ಕೋಶಗಳು ಗುಡ್ಡೆ ಬೀಳುತ್ತವೆ, ತಡೆ ತೆಗೆದೊಡನೆ ಎಲ್ಲ ಒಟ್ಟಿಗೆ ಕೂಡಿಕೊಳ್ಳುತ್ತವೆ. ಹಾಗಾಗಿ ಮುಂದಿನ ಇಂಜೆಕ್ಷನ್ ಒಂದು ತಿಂಗಳಿಗಿಂತ ಹೆಚ್ಚು ತಡವಾಗಬಾರದು. ಊರಿನ ಜಾತ್ರೆ, ಮದುವೆ, ಮುಂಬೈಗೆ ಮಗನ ಮನೆಗೆ ಹೋಗುವುದು, ಯಾವುದೇ ಇರಲಿ, ತಾರೀಕು ಮೊದಲೇ ನೋಡಿಕೊಳ್ಳಿ. ನಿಲ್ಲಿಸಲೇಬೇಕಾದರೆ ಬದಲಿಗೆ ಬಿಸ್‌ಫಾಸ್ಫೊನೇಟ್ ಶುರುಮಾಡಿಸಿಕೊಂಡು ನಿಲ್ಲಿಸಬೇಕು. ಮೊದಲ ಇಂಜೆಕ್ಷನ್‌ಗೆ ಮುಂಚೆ ರಕ್ತದ ಕ್ಯಾಲ್ಸಿಯಂ, ಕಿಡ್ನಿ ಪರೀಕ್ಷೆ ಆಗಿರಲಿ, ಅಮ್ಮನ ಕ್ಯಾಲ್ಸಿಯಂ ಮಾತ್ರೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಕೀಳಿಸಬೇಕಾದ ಹಲ್ಲು ಇದ್ದರೆ ಅದನ್ನೂ ಮೊದಲೇ ಕೀಳಿಸಿ ವಸಡು ವಾಸಿಯಾಗಲಿ, ಯಾಕೆಂದರೆ ಈ ಔಷಧ ನಡೆಯುತ್ತಿರುವಾಗ ಹಲ್ಲು ಕಿತ್ತರೆ ಅಪರೂಪಕ್ಕೆ ದವಡೆಯ ಎಲುಬು ಮಾಯದೆ ಉಳಿಯುತ್ತದೆ. ಹಲ್ಲಿನ ಡಾಕ್ಟರಿಗೆ ಗಂಟಿನ ಡಾಕ್ಟರ ಚೀಟಿಯನ್ನೂ, ಗಂಟಿನ ಡಾಕ್ಟರಿಗೆ ಹಲ್ಲಿನ ಎಕ್ಸ್‌ರೇಯನ್ನೂ ತೋರಿಸಿ.